ಆದವಾನಿಯ ಕೋಟೆ

ಮಕ್ಕಳೇ, ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಆದೋನಿಗೆ ಆದವಾನಿ ಎಂಬ ಹೆಸರೂ ಉಂಟು. 1953ರವರೆಗೆ ಇದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಊರ ಪಕ್ಕದ ಬೆಟ್ಟಗಳ ಮೇಲೆ ಹಳೆಯ ಕೋಟೆಯೊಂದು ಪಾಳುಬಿದ್ದಿದೆ. ಅದನ್ನು ನೋಡಲು ಹಿರಿಯರೊಡನೆ ಬೆಳಗಿನ ತಂಪಿನಲ್ಲಿ ಹೊರಡಿರಿ.

ಇಲ್ಲಿನ ಬಾರಾಕಿಲ್ಲಾ ಬೆಟ್ಟ ಬಯಲಿನಿಂದ ಸುಮಾರು 800 ಅಡಿ ಎತ್ತರವಾಗಿದೆ. ದೊಡ್ಡ ಗುಂಡುಕಲ್ಲುಗಳ ನಡುವೆ ಅರ್ಧ ಬೆಟ್ಟ ಹತ್ತಿದರೆ ಒಂದು ಕೆರೆ ಕಾಣುತ್ತದೆ. ಬೆಟ್ಟದ ಮೇಲೆ ಕೆರೆ ಏಕೆ? ಶತ್ರುಗಳು ಸುತ್ತುವರಿದಾಗ ನೀರಿಗಾಗಿ ಕೆಳಗಿಳಿಯುವಂತಿಲ್ಲ. ಬಂಡೆ ನೀರನ್ನು ಹೀರುವುದಿಲ್ಲ. ಅದರ ಮೇಲೆ ಬಿದ್ದ ಮಳೆ ತಗ್ಗಿಗೆ ಹರಿದು ನಿಲ್ಲುತ್ತದೆ. ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ನೀರಿಲ್ಲದ ಕೋಟೆ ಬಹಳ ದಿನ ಉಳಿಯದು.

ವಿಜಯನಗರದ ಅರಸರ ಈ ಕೋಟೆಯನ್ನು 1568ರಲ್ಲಿ ಬಿಜಾಪುರದವರು ಗೆದ್ದರು. ಅನಂತರ ಮೊಗಲರು ಬಂದರು. 1786ರಲ್ಲಿ ಟಿಪ್ಪು ಸುಲ್ತಾನನು ಇದನ್ನು ಹಿಡಿದನು. 1800ರಲ್ಲಿ ಇದು ಬ್ರಿಟಿಷರ ಪಾಲಾಯಿತು. ಯಾರೇ ಆಳಿದರೂ ಕಾವಲಿನವರಿಗೆ ನೀರು ಬೇಕೇ ಬೇಕಿತ್ತು.

ಮಳೆ ಕಡಿಮೆಯಿರುವ ನಮ್ಮ ಸೀಮೆಗೆ ಈ ಪಾಠ ಇಂದಿಗೂ ಸಲ್ಲುತ್ತದೆ. ಆದುದರಿಂದ ಅಲ್ಲಿನ ಕಲ್ಲುಗಳ ಮೇಲೆ ಹೆಸರು ಕೆತ್ತಬೇಡಿರಿ, ಕೆರೆಗೆ ಕಸ ಎಸೆಯಬೇಡಿರಿ. ಯುದ್ಧಗಳನ್ನು ಕಂಡೂ ಉಳಿದದ್ದು ನಮ್ಮ ಕೈಯಿಂದ ಹಾಳಾಗಬಾರದಲ್ಲವೇ?