ಟೊಪ್ಪಿಗೆ ತೊಟ್ಟ ಪಿತ್ತಕೋಶ

ಕಳೆದ ಶನಿವಾರ ವೈಟ್‌ಫೀಲ್ಡ್‌ನ ಮೆಡಿಕಲ್ ಕಾಲೇಜೊಂದರ ಅನಾಟಮಿ ಮ್ಯೂಸಿಯಂನಲ್ಲಿ ಒಂದೇ ಜಾಡಿಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ಹೊರಗೆ ಹಾರ್ನುಗಳ ಗದ್ದಲ, ಒಳಗೆ ಫಾರ್ಮಲಿನ್ ಘಾಟು. ಜಾಡಿಯಲ್ಲಿ ಎಳೆಬದನೆಕಾಯಿಯಂಥ ಒಂದು ಪಿತ್ತಕೋಶ. ತುದಿ ಮಾತ್ರ ನೆಟ್ಟಗಿಲ್ಲ, ಕೂಸಿನ ಕುಲಾವಿ ಬಾಗಿದಂತೆ ತನ್ನ ಮೇಲೆಯೇ ಮಡಿಚಿಕೊಂಡಿದೆ.

‘ಇದೇನು ಕಾಯಿಲೆ ಮೇಡಂ?’ ಎಂದೆ.

‘ಕಾಯಿಲೆ ಅಲ್ಲ ಸರ್, ಹುಟ್ಟಿನಿಂದ ಬಂದ ಆಕಾರ. ಫ್ರೀಜಿಯನ್ ಕ್ಯಾಪ್ ಅಂತೀವಿ’ ಎಂದರು ಅಧ್ಯಾಪಕಿ.

ಆ ಹೆಸರು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಫ್ರೀಜಿಯಾ ಈಗಿನ ಟರ್ಕಿಯಲ್ಲಿದ್ದ ಪ್ರಾಚೀನ ಸೀಮೆ. ತುದಿ ಮುಂದಕ್ಕೆ ಬಾಗಿದ ಮೆತ್ತನೆಯ ಟೊಪ್ಪಿಗೆಗೆ ಆ ಸೀಮೆಯ ಹೆಸರೇ ಅಂಟಿಕೊಂಡಿತು. ಕ್ರಾಂತಿಯ ಕಾಲದ ಫ್ರೆಂಚರು ಅದನ್ನು ಕೆಂಪು ಬಣ್ಣದಲ್ಲಿ ಹೊಲಿಸಿ ಸ್ವಾತಂತ್ರ್ಯದ ಗುರುತಾಗಿ ತೊಟ್ಟರು. ಫ್ರಾನ್ಸಿನ ಸಂಕೇತವಾದ ಮರಿಯಾನ್‌ಳ ತಲೆಯ ಮೇಲೆ ಅದು ಇಂದಿಗೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾಸ್ಕಾಟ್ ಗೊಂಬೆಯೂ ಅದೇ ಟೊಪ್ಪಿಗೆ. ಅಂಥದ್ದು ಪೀಣ್ಯದ ಲೇತ್ ಕೆಲಸಗಾರನ ಲಿವರಿನ ಅಡಿಯಲ್ಲೂ ಸದ್ದಿಲ್ಲದೆ ಇರಬಹುದು! ನೂರು ಜನರಲ್ಲಿ ಒಬ್ಬರಿಂದ ಆರು ಮಂದಿಗೆ ಇದು ಇರುತ್ತದೆ.

ಸಿಟ್ಟು ಬಂದರೆ ‘ಪಿತ್ತ ನೆತ್ತಿಗೇರಿತು’ ಎನ್ನುವ ನಾವು, ಆ ಪಿತ್ತವನ್ನು 30ರಿಂದ 50 ಮಿಲಿಲೀಟರಿನಷ್ಟು ಕೂಡಿಡುವ ಚೀಲದ ಬಗ್ಗೆ ಯೋಚಿಸುವುದೇ ಅಪರೂಪ. ಗರ್ಭದ ನಾಲ್ಕನೇ ವಾರದಲ್ಲಿ ಜೀರ್ಣನಾಳದ ಮೂಲಕೊಳವೆಯಿಂದ ಒಂದು ಮೊಗ್ಗು ಒಡೆಯುತ್ತದೆ. ಅದರ ದೊಡ್ಡ ಪಾಲು ಲಿವರ್, ಸಣ್ಣ ಪಾಲು ಪಿತ್ತಕೋಶ. ಸಣ್ಣ ಚಿಗುರು ಇಬ್ಭಾಗವಾದರೆ ಪಿತ್ತಕೋಶ ಎರಡು, ಚಿಗುರದೇ ಹೋದರೆ ಒಂದೂ ಇಲ್ಲ. ಕೆಲವರಲ್ಲಿ ಅದು ಎಡಕ್ಕೆ ಕೂರುತ್ತದೆ, ಕೆಲವರಲ್ಲಿ ಲಿವರಿನೊಳಗೇ ಹೂತಿರುತ್ತದೆ. ಜೋಡಿ ಪಿತ್ತಕೋಶ ಸುಮಾರು ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೆ ಎಂದು 1926ರಲ್ಲಿ ಅನಾಟಮಿ ತಜ್ಞ ಬಾಯ್ಡನ್ ಲೆಕ್ಕ ಹಾಕಿದರು. ಬೆಕ್ಕುಗಳಲ್ಲಿ ಅದು ಎಷ್ಟೋ ಪಾಲು ಹೆಚ್ಚು. ಕುದುರೆಗೂ ಆನೆಗೂ ಪಿತ್ತಕೋಶವೇ ಇಲ್ಲ, ಆದರೂ ಅವು ಗಟ್ಟಿಮುಟ್ಟಾಗಿವೆ.

ಐಟಿ ಕಂಪನಿಗಳ ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆಯ ಸ್ಕ್ಯಾನಿಂಗೂ ಸೇರಿದ ಮೇಲೆ ‘ಫ್ರೀಜಿಯನ್ ಕ್ಯಾಪ್’ನಂಥ ಪದಗಳು ಮೊಬೈಲಿಗೇ ಬಂದು ಬೀಳುತ್ತಿವೆ. ಓದಿದವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ‘ಇದರಿಂದ ತೊಂದರೆಯಿಲ್ಲ’ ಎಂಬ ಒಂದು ಸಾಲನ್ನು ರಿಪೋರ್ಟಿನಲ್ಲೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೊಪ್ಪಿಗೆ ಇದೆಯೆಂಬ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ.

ಆದರೆ ಕಲ್ಲಾಗಿ ಪಿತ್ತಕೋಶ ತೆಗೆಯಬೇಕಾದಾಗ ಮಾತು ಬೇರೆ. ಜೋಡಿಯಲ್ಲಿ ಒಂದನ್ನೇ ತೆಗೆದರೆ ನೋವು ಮತ್ತೆ ಮರಳಬಹುದು. ಹುಟ್ಟಿನಿಂದಲೇ ಇಲ್ಲದ ಪಿತ್ತಕೋಶವನ್ನು ‘ಮುದುಡಿದೆ’ ಎಂದು ಸ್ಕ್ಯಾನ್ ತಪ್ಪಾಗಿ ಹೇಳಬಹುದು. ಎಡಕ್ಕಿದ್ದರೆ ನಾಳಗಳ ನಕ್ಷೆಯೇ ಬದಲಾಗಿರಬಹುದು. ಲ್ಯಾಪರೋಸ್ಕೋಪಿ ಮಾಡುವವರು ಕತ್ತರಿ ಹಾಕುವ ಮುನ್ನ ಪಿತ್ತಕೋಶಕ್ಕೆ ಸೇರುವ ಎರಡೇ ಎಳೆಗಳನ್ನು, ಒಂದು ಪಿತ್ತಕೋಶದ ನಾಳ, ಇನ್ನೊಂದು ಅದರ ಅಪಧಮನಿ, ಕಣ್ಣಾರೆ ಖಾತ್ರಿ ಮಾಡಿಕೊಳ್ಳುವುದು ಇದಕ್ಕಾಗಿಯೇ. ಅನುಮಾನವಿದ್ದರೆ ಎಂಆರ್‌ಸಿಪಿ ಸ್ಕ್ಯಾನ್ ಪಿತ್ತನಾಳಗಳ ದಾರಿಯನ್ನು ಮೊದಲೇ ತೋರಿಸುತ್ತದೆ.

ಆ ಜಾಡಿಯಲ್ಲಿರುವುದು ಯಾರದೋ ದೇಹದ ಭಾಗ. ಅದು ನಾಳೆಯ ಸರ್ಜನ್‌ಗಳಿಗೆ ಪಾಠ ಹೇಳುತ್ತಿದೆ. ನಿಮ್ಮ ಸ್ಕ್ಯಾನ್ ರಿಪೋರ್ಟೂ ಅಂಥದ್ದೇ ಪಾಠ. ಅದನ್ನು ಎಸೆಯಬೇಡಿ, ಫೈಲಿನಲ್ಲಿಡಿ. ಆಪರೇಷನ್ ಮಾತು ಬಂದ ದಿನ ಸರ್ಜನ್ ಕೈಗೆ ಮೊದಲು ಅದನ್ನೇ ಕೊಡಿ.