ಹುಟ್ಟಿದ್ದಕ್ಕೆ ಇಬ್ಬರು ಸಾಕ್ಷಿ

‘ಹುಡುಗ ಹುಟ್ಟಿದ್ದು ಗಡಿಯ ಆಚೆಯೋ, ಈಚೆಯೋ?’ ನ್ಯಾಯಾಧೀಶರು ಕೇಳಿದರು.

‘ಈಚೆಗೇ. ನಾವು ದಾಟಿ ಬಂದ ವರ್ಷ’ ಎಂದರು ಎದುರಿಗೆ ನಿಂತಿದ್ದ ಹಿರಿಯರು.

‘ಯಾವ ತಿಂಗಳು?’

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಪವಾಸದ ತಿಂಗಳು ಮುಗಿದು ಹಬ್ಬ ಆಗಿತ್ತು, ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ಬಂದಿತ್ತು, ಕಟಾವು ಆಗಿರಲಿಲ್ಲ ಎಂದರು. ದುಭಾಷಿ ಅವರ ಫುಲ್ಫುಲ್ಡೆ ಭಾಷೆಯ ಮಾತನ್ನು ಫ್ರೆಂಚಿಗೆ ತಿರುಗಿಸಿ ಹೇಳಿದ. ಗುಮಾಸ್ತರು ತಮ್ಮ ಪುಸ್ತಕದಲ್ಲಿ ನೋಡಿ, ಆ ವರ್ಷ ರಂಜಾನ್ ಹಬ್ಬ ಜುಲೈ ಕೊನೆಗೆ ಬಂದಿತ್ತು ಎಂದು ನ್ಯಾಯಾಧೀಶರ ಕಿವಿಯಲ್ಲಿ ಹೇಳಿದರು. ದಾಖಲೆಯಲ್ಲಿ ಬರೆದದ್ದು: 2014, ಆಗಸ್ಟ್. ಹತ್ತು ವರ್ಷ ದಾಟಿದ ಒಬ್ಬ ಹುಡುಗ ಕಾನೂನಿನ ಕಣ್ಣಿಗೆ ಅಂದು ಮೊದಲ ಸಲ ಬಿದ್ದ.

ಇದು ನಡೆದದ್ದು ಕ್ಯಾಮರೂನಿನ ಪೂರ್ವ ಪ್ರಾಂತ್ಯದಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದ ಗಡಿಗೆ ಅಂಟಿಕೊಂಡಿರುವ ಗರುವಾ-ಬುಲಾಯ್ ಪಟ್ಟಣದ ಸುತ್ತಿನ ಒಂದು ಹಳ್ಳಿಯಲ್ಲಿ. ಅಂದು ಅಲ್ಲಿನ ಶಾಲೆಯ ಕೋಣೆಯೇ ನ್ಯಾಯಾಲಯವಾಗಿತ್ತು. ಕರಿಹಲಗೆಯ ಮೇಲೆ ಹಿಂದಿನ ದಿನದ ಭಾಗಾಕಾರದ ಲೆಕ್ಕ ಹಾಗೇ ಉಳಿದಿತ್ತು. ಮೇಷ್ಟ್ರ ಮೇಜಿನ ಮೇಲೆ ಮೊಹರು, ಶಾಯಿಯ ಪ್ಯಾಡು, ದಪ್ಪ ರಟ್ಟಿನ ರಿಜಿಸ್ಟರು. ಹೆಬ್ಬೆಟ್ಟು ಒತ್ತಿದವರು ಬೆರಳು ಒರೆಸಿಕೊಳ್ಳಲಿ ಎಂದು ಪಕ್ಕದಲ್ಲೇ ಒಂದು ಹಳೇ ಬಟ್ಟೆ ಇಟ್ಟಿದ್ದರು. ಊರಿಂದ ಊರಿಗೆ ಹೋಗಿ ಕಲಾಪ ನಡೆಸುವ ಸಂಚಾರಿ ನ್ಯಾಯಾಲಯ ಅದು. ಕಿಟಕಿಯ ಹೊರಗೆ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲಾಗಿ ನಿಂತಿದ್ದರು. ಹೆಚ್ಚಿನವರು ಎಂಬೊರೊರೊ ಪಶುಪಾಲಕ ಸಮುದಾಯದವರು. ದನಗಳನ್ನೂ ಮನೆಯನ್ನೂ ಬಿಟ್ಟು ಓಡಿ ಬಂದವರು.

ನಿರಾಶ್ರಿತರ ಬಗ್ಗೆ ಬರೆಯುವವರು ಡೇರೆ, ರೇಷನ್ ಸಾಲು, ನೀರಿನ ಟ್ಯಾಂಕರು ನೋಡಿಕೊಂಡು ಬರುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ಆದರೆ ಆ ಶಾಲೆಯ ಕೋಣೆ ನನ್ನನ್ನು ಹಿಡಿದು ನಿಲ್ಲಿಸಿದಷ್ಟು ಬೇರೆ ಯಾವುದೂ ನಿಲ್ಲಿಸಲಿಲ್ಲ. ಅಂತರರಾಷ್ಟ್ರೀಯ ಒಪ್ಪಂದಗಳು ದೊಡ್ಡ ಮಾತುಗಳಲ್ಲಿ ಹೇಳುವ ‘ರಕ್ಷಣೆ’ ಅಲ್ಲಿ ಮೆಕ್ಕೆಜೋಳದ ಎತ್ತರದಿಂದ ಶುರುವಾಗಿತ್ತು.

ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. 2013ರ ಮಾರ್ಚಿನಲ್ಲಿ, ಮುಸ್ಲಿಮರೇ ಹೆಚ್ಚಿದ್ದ ಸೆಲೆಕಾ ಬಂಡುಕೋರರು ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಂಗಿಯನ್ನು ವಶಪಡಿಸಿಕೊಂಡರು. ಅವರ ವಿರುದ್ಧ ಎದ್ದ ಆ್ಯಂಟಿ-ಬಲಾಕಾ ಗುಂಪುಗಳು ಮುಸ್ಲಿಮರನ್ನು ಬೇಟೆಯಾಡತೊಡಗಿದಾಗ, 2014ರಲ್ಲಿ ಗಡಿ ದಾಟಿದವರ ಸಂಖ್ಯೆ ಲಕ್ಷ ಮೀರಿತು. ಗಾಡೊ-ಬಡ್ಜೆರೆ, ಲೋಲೊ, ಎಂಬಿಲೆ, ಟಿಮಾಂಗೊಲೊ ಎಂಬ ಶಿಬಿರಗಳು ಎದ್ದದ್ದು ಆಗ. ಅದಕ್ಕೂ ಮೊದಲೇ, ಡಕಾಯಿತರ ಅಪಹರಣಕ್ಕೆ ಹೆದರಿದ ದನಗಾಹಿಗಳು ಈ ಕಡೆಗೆ ಬರುತ್ತಲೇ ಇದ್ದರು. ಕ್ಯಾಮರೂನಿನ ಉತ್ತರದ ತುದಿಯಲ್ಲಿ ಬೊಕೊ ಹರಾಮ್‌ನಿಂದ ತಪ್ಪಿಸಿಕೊಂಡ ನೈಜೀರಿಯನ್ನರಿಗಾಗಿ 2013ರಲ್ಲಿ ಮಿನವಾವೊ ಶಿಬಿರ ಶುರುವಾಯಿತು. ಇತ್ತ ಕ್ಯಾಮರೂನಿನದೇ ಇಂಗ್ಲಿಷ್ ಭಾಷಿಕ ಪ್ರಾಂತ್ಯಗಳಲ್ಲಿ ಹಿಂಸೆ ಹೊತ್ತಿಕೊಂಡು, ಅಲ್ಲಿಂದ ಹತ್ತಾರು ಸಾವಿರ ಜನ ನೈಜೀರಿಯಾಕ್ಕೆ ಓಡಿಹೋಗಿದ್ದಾರೆ. ಆಶ್ರಯ ಕೊಡುವ ದೇಶ, ಆಶ್ರಯ ಬೇಡುವವರ ದೇಶ ಎರಡೂ ಒಂದೇ.

ಕಾಗದದ ಮೇಲೆ ಈ ದೇಶದ ನಿಲುವು ಮೆಚ್ಚುವಂಥದ್ದು. ಸ್ವತಂತ್ರವಾದ ಮರುವರ್ಷ, 1961ರಲ್ಲೇ, 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿತು. ಆಫ್ರಿಕಾ ಏಕತಾ ಸಂಘಟನೆಯ 1969ರ ಒಪ್ಪಂದವನ್ನೂ ಒಪ್ಪಿಕೊಂಡಿತು. ಈ ಎರಡನೆಯ ಒಪ್ಪಂದದ ಮೇಲೆ ನನಗೆ ವಿಶೇಷ ಅಭಿಮಾನ. ಜಿನೀವಾದಲ್ಲಿ ರೂಪುಗೊಂಡ 1951ರ ಒಪ್ಪಂದದ ಪ್ರಕಾರ ನಿರಾಶ್ರಿತ ಎನಿಸಿಕೊಳ್ಳಲು, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ತನಗೆ ಕಿರುಕುಳವಾಗುತ್ತದೆ ಎಂಬ ಭಯಕ್ಕೆ ಆಧಾರ ಇರಬೇಕು. ಆಫ್ರಿಕಾದ ಒಪ್ಪಂದ ಅಷ್ಟಕ್ಕೇ ನಿಲ್ಲಲಿಲ್ಲ. ಹೊರಗಿನ ಆಕ್ರಮಣ, ಪರಕೀಯ ಆಳ್ವಿಕೆ, ಸಾರ್ವಜನಿಕ ಶಾಂತಿ ತೀವ್ರವಾಗಿ ಕದಡುವ ಘಟನೆ, ಇಂಥವುಗಳಿಂದ ಓಡಿ ಬಂದವರೂ ನಿರಾಶ್ರಿತರೇ ಎಂದು ಸಾರಿತು. ಊರಿಗೆ ಬೆಂಕಿ ಬಿದ್ದಾಗ ದನ ಕರುವನ್ನೂ ಬಿಟ್ಟು ಓಡಿದವಳನ್ನು ‘ನಿನ್ನನ್ನೇ ಗುರಿ ಮಾಡಿದ್ದರು ಎನ್ನುವುದಕ್ಕೆ ಪುರಾವೆ ಏನು?’ ಎಂದು ಕೇಳದ ಕಾನೂನು ಅದು. ಜಗತ್ತಿಗೆ ಆಫ್ರಿಕಾ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಈ ಎರಡು ವ್ಯಾಖ್ಯಾನಗಳನ್ನೂ ಸೇರಿಸಿ ಕ್ಯಾಮರೂನ್ 2005ರ ಜುಲೈ 27ರಂದು ತನ್ನದೇ ನಿರಾಶ್ರಿತರ ಕಾನೂನು ತಂದಿತು. ಅಪಾಯವಿರುವ ಕಡೆಗೆ ಯಾರನ್ನೂ ವಾಪಸು ದಬ್ಬುವಂತಿಲ್ಲ. ಕದ್ದು ಗಡಿ ದಾಟಿದ್ದಕ್ಕೆ ಶಿಕ್ಷೆಯಿಲ್ಲ. ಕೆಲಸ, ಶಿಕ್ಷಣ, ಓಡಾಟ, ಆಸ್ತಿ, ನ್ಯಾಯಾಲಯದ ಬಾಗಿಲು, ಗುರುತಿನ ಚೀಟಿ ಎಲ್ಲಕ್ಕೂ ಹಕ್ಕಿದೆ. ಆದರೆ ಅರ್ಜಿಗಳನ್ನು ಪರಿಶೀಲಿಸುವ ಆಯೋಗ ಮತ್ತು ಮೇಲ್ಮನವಿ ಆಯೋಗಗಳ ಸ್ವರೂಪ ನಿಗದಿಯಾಗಲು 2011ರ ನವೆಂಬರಿನ ಅಧ್ಯಕ್ಷರ ಆದೇಶದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೂ, ಅದರಾಚೆಗೂ ಆ ಕೆಲಸವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ ಮಾಡುತ್ತಿತ್ತು.

ಈಗ ಮತ್ತೆ ಆ ಹುಡುಗನ ವಿಷಯ. ಅವನಿಗೆ ಜನನ ಪತ್ರ ಯಾಕೆ ಬೇಕಾಯಿತು? ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಗೆ ಹೆಸರು ಕೊಡಲು ಜನನ ಪತ್ರ ಕೇಳುತ್ತಾರೆ. ಅದಿಲ್ಲದಿದ್ದರೆ ಜಾಣನೋ ದಡ್ಡನೋ ಎಂಬ ಪ್ರಶ್ನೆಯೇ ಬರುವುದಿಲ್ಲ, ಓದು ಅಲ್ಲಿಗೆ ಮುಗಿಯಿತು. ಇದು ನಿರಾಶ್ರಿತರ ಮಕ್ಕಳ ಪಾಡು ಮಾತ್ರವಲ್ಲ. ಅದೇ ಹಳ್ಳಿಯ ಕ್ಯಾಮರೂನಿ ಮಕ್ಕಳೂ ಅದೇ ಸಾಲಿನಲ್ಲಿ ನಿಂತಿದ್ದರು. ನಿರಾಶ್ರಿತ ಮಗುವಿಗಾದರೆ ಇನ್ನೂ ಒಂದು ಅಪಾಯವಿದೆ. ಎಲ್ಲಿ ಹುಟ್ಟಿದೆ, ಯಾರಿಗೆ ಹುಟ್ಟಿದೆ ಎಂದು ತೋರಿಸಲಾಗದವನನ್ನು ನಾಳೆ ಎರಡೂ ದೇಶಗಳು ನಮ್ಮವನಲ್ಲ ಎನ್ನಬಹುದು.

ಹುಡುಗ ಹುಟ್ಟಿದ ಕಾಲದ ನಿಯಮ ಹೀಗಿತ್ತು. ಮಗು ಹುಟ್ಟಿದ 90 ದಿನದೊಳಗೆ ನೋಂದಣಿ ಕೇಂದ್ರದಲ್ಲಿ ತಿಳಿಸಬೇಕು. ಅದು ತಪ್ಪಿದರೆ ಆರು ತಿಂಗಳವರೆಗೆ ಸರ್ಕಾರಿ ಅಭಿಯೋಜಕರ ಆದೇಶ ಬೇಕು. ಅದೂ ದಾಟಿದರೆ ನ್ಯಾಯಾಲಯದ ತೀರ್ಪೇ ಗತಿ. ಗುಂಡಿನ ಸದ್ದಿಗೆ ಓಡಿ ಬಂದು, ತಗಡಿನ ಕೆಳಗೆ ಹೆತ್ತ ತಾಯಿಗೆ 90 ದಿನದ ಲೆಕ್ಕ ಯಾರು ಹೇಳಿದ್ದರು? 2024ರ ಡಿಸೆಂಬರಿನಲ್ಲಿ ಬಂದ ಹೊಸ ನಾಗರಿಕ ನೋಂದಣಿ ಕಾನೂನು ಗಡುವನ್ನು ಸಡಿಲಿಸಿದೆ. ಆದರೆ ಬೆಳೆದು ನಿಂತ ಮಕ್ಕಳಿಗೆ ಈಗಲೂ ತೀರ್ಪು ಬೇಕು.

ಆ ತೀರ್ಪಿಗೆ ಬೇಕಾದ ಕಾಗದಗಳನ್ನು ಕಾನೂನು ನೆರವಿನ ಕಾರ್ಯಕರ್ತೆ ನನ್ನ ಮುಂದೆ ಒಂದೊಂದಾಗಿ ಹರಡಿದರು. ಸ್ಟ್ಯಾಂಪು ಅಂಟಿಸಿದ ಅರ್ಜಿ. ಈ ಹೆಸರಿನಲ್ಲಿ ಈ ಮೊದಲು ಜನನ ನೋಂದಣಿಯಾಗಿಲ್ಲ ಎಂದು ಪುರಸಭೆ ಕೊಡುವ ಪತ್ರ. ಹುಟ್ಟನ್ನು ಬಲ್ಲ ಇಬ್ಬರು ಸಾಕ್ಷಿಗಳು, ಅವರ ಗುರುತಿನ ಚೀಟಿಯ ಪ್ರತಿ. ಜೊತೆಗೆ, ನನ್ನನ್ನು ಇವತ್ತಿಗೂ ಬಿಡದೆ ಕಾಡುವ ಒಂದು ಕಾಗದ: ನೋಡಿದರೆ ಎಷ್ಟು ವರ್ಷದವನಂತೆ ಕಾಣುತ್ತಾನೆ ಎಂದು ವೈದ್ಯರು ಬರೆದು ಕೊಡುವ ವಯಸ್ಸಿನ ಪ್ರಮಾಣಪತ್ರ.

ಅದನ್ನು ಕೊಡುವುದನ್ನೂ ನೋಡಲು ಹೋದೆ. ಪಕ್ಕದ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಒಂದೊಂದು ಮಗುವನ್ನೂ ಗೋಡೆಗೆ ಆನಿಸಿ ಎತ್ತರ ಅಳೆದರು. ಬಾಯಿ ತೆರೆಸಿ ಹಾಲುಹಲ್ಲು ಎಷ್ಟು ಬಿದ್ದಿವೆ, ದವಡೆ ಹಲ್ಲು ಎಲ್ಲಿಯವರೆಗೆ ಬಂದಿವೆ ಎಂದು ನೋಡಿದರು. ಒಬ್ಬ ಹುಡುಗಿಗೆ ತಾಯಿ ಒಂಬತ್ತು ಎಂದಳು, ಹಲ್ಲು ಹನ್ನೊಂದು ಎಂದಿತು. ವೈದ್ಯರು ತಾಯಿಯನ್ನು ಕರೆದು ಕೂರಿಸಿ, ಇವಳ ಮೇಲಿನವನು ಯಾವಾಗ ಹುಟ್ಟಿದ, ಇವಳಿಗೆ ಹಾಲು ಬಿಡಿಸಿದಾಗ ಎಲ್ಲಿದ್ದಿರಿ ಎಂದೆಲ್ಲ ವಿಚಾರಿಸಿದರು. ಕೊನೆಗೆ ಹತ್ತು ಎಂದು ಬರೆದರು. ಹೊಟ್ಟೆಗೆ ಸಾಲದೆ ಬೆಳೆದ ಮಗು ತನ್ನ ವಯಸ್ಸಿಗಿಂತ ಗಿಡ್ಡಕ್ಕಿರುತ್ತದೆ. ಅದನ್ನು ಬಲ್ಲ ವೈದ್ಯರ ಕೈಗೆ ಬಿದ್ದರೆ ಪುಣ್ಯ. ಆತುರದವರ ಕೈಗೆ ಬಿದ್ದರೆ ಮಗುವಿನ ಆಯುಷ್ಯದ ಎರಡು ವರ್ಷ ದಾಖಲೆಯಿಂದ ಹೋಗಿಬಿಡುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಹೆಡ್ಮಾಸ್ತರು ಬಲಗೈಯಿಂದ ತಲೆ ಬಳಸಿ ಎಡಗಿವಿ ಮುಟ್ಟಿಸಿ, ಒಂದು ತಾರೀಖು ಬರೆದುಬಿಡುತ್ತಿದ್ದರು. ಅಷ್ಟಕ್ಕೇ ಬದುಕು ಸಾಗಿತು, ಪಿಂಚಣಿಯೂ ಬಂತು. ನಮ್ಮವನು ಎಂಬ ವಿಷಯದಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಗರುವಾ-ಬುಲಾಯ್‌ನ ಮಕ್ಕಳಿಗೆ ಆ ಭಾಗ್ಯವಿಲ್ಲ. ಅವರ ತಾರೀಖಿಗೆ ವೈದ್ಯ, ಇಬ್ಬರು ಸಾಕ್ಷಿ, ಅಭಿಯೋಜಕ, ನ್ಯಾಯಾಧೀಶ ಇಷ್ಟೂ ಜನ ಬೇಕು. ತೀರ್ಪು ಬಂದ ಮೇಲೂ, ಯಾರೂ ಮೇಲ್ಮನವಿ ಹಾಕಿಲ್ಲ ಎಂಬ ಇನ್ನೊಂದು ಪತ್ರ ತಂದು ನೋಂದಣಿ ಕೇಂದ್ರದ ಪುಸ್ತಕಕ್ಕೆ ಏರಿಸಬೇಕು. ಈ ಕೊನೆಯ ಮೆಟ್ಟಿಲಲ್ಲೇ ಎಷ್ಟೋ ಮಂದಿ ನಿಂತುಬಿಡುತ್ತಾರೆ. ತೀರ್ಪಿನ ಕಾಗದವನ್ನೇ ಜನನ ಪತ್ರವೆಂದು ತಿಳಿದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟ ತಂದೆಯೊಬ್ಬರನ್ನು ಕಂಡೆ. ಕಾರ್ಯಕರ್ತೆ ಅವರನ್ನು ಪಕ್ಕಕ್ಕೆ ಕರೆದು, ಇನ್ನೂ ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ನಿಧಾನಕ್ಕೆ ಬಿಡಿಸಿ ಹೇಳಿದರು. ಕಾನೂನು ನೆರವು ಎಂದರೆ ಕೋಟು ಹಾಕಿ ವಾದಿಸುವುದಷ್ಟೇ ಅಲ್ಲ, ಇದೂ ಹೌದು.

ಈ ಕೆಲಸಕ್ಕೆ ಅಲ್ಲಿ ಜನ ಸಾಲದು. ಕ್ಯಾಮರೂನಿನ ವಕೀಲರಲ್ಲಿ ಬಹುಪಾಲು ಡುವಾಲಾ, ಯವುಂಡೆ ಎಂಬ ಎರಡು ದೊಡ್ಡ ನಗರಗಳಲ್ಲೇ ಇದ್ದಾರೆ. 2009ರ ಏಪ್ರಿಲಿನಲ್ಲಿ ಬಂದ ಕಾನೂನು ನೆರವಿನ ಕಾಯ್ದೆ, ಬಡವರ ಅರ್ಜಿಗಳನ್ನು ಪರಿಶೀಲಿಸಲು ನ್ಯಾಯಾಲಯಗಳಲ್ಲಿ ಸಮಿತಿಗಳನ್ನು ರಚಿಸಿತು. ಆದರೆ ಸಮಿತಿ ಕೂರುವುದು ನ್ಯಾಯಾಲಯ ಇರುವ ಪಟ್ಟಣದಲ್ಲಿ, ನಿರಾಶ್ರಿತ ಇರುವುದು ಕೆಂಪು ಮಣ್ಣಿನ ದಾರಿಯ ತುದಿಯ ಹಳ್ಳಿಯಲ್ಲಿ. ನ್ಯಾಯಾಲಯ ತಲುಪುವುದಕ್ಕೆ ಮತ್ತು ಕಾನೂನು ನೆರವು ಪಡೆಯುವುದಕ್ಕೆ ನಿರಾಶ್ರಿತನಿಗೆ ದೇಶದ ಪ್ರಜೆಯಷ್ಟೇ ಹಕ್ಕಿದೆ ಎಂದು 1951ರ ಒಪ್ಪಂದದ 16ನೇ ವಿಧಿ ಹೇಳುತ್ತದೆ. ಬಸ್ ಚಾರ್ಜು ಯಾರು ಕೊಡಬೇಕೆಂದು ಯಾವ ವಿಧಿಯೂ ಹೇಳುವುದಿಲ್ಲ.

ದುಡ್ಡು ಹೊಂದಿಸಿದರೂ ದಾರಿಯಲ್ಲಿ ತಪಾಸಣೆ ಠಾಣೆಗಳಿವೆ. ಡುವಾಲಾದಿಂದ ಬಂಗಿಗೆ ಸರಕು ಲಾರಿಗಳು ಓಡುವ ಹೆದ್ದಾರಿಯಲ್ಲಿ ಪೊಲೀಸರು, ಜಾಂಡಾರ್ಮ್ ಎಂಬ ಅರೆಸೇನಾ ಪಡೆಯವರು ವಾಹನ ನಿಲ್ಲಿಸಿ ಕಾಗದ ಕೇಳುತ್ತಾರೆ. ಓಡಾಡುವ ಸ್ವಾತಂತ್ರ್ಯ ಕಾನೂನಿನಲ್ಲಿದ್ದರೂ ನಿರಾಶ್ರಿತನ ಚೀಟಿ ತೋರಿಸಿದವರನ್ನು ಕೆಳಗಿಳಿಸಿದ, ದುಡ್ಡು ಕಿತ್ತ ದೂರುಗಳು ಅಲ್ಲಿ ಮಾಮೂಲು. ಸರ್ಕಾರವೇ ಈಗ ಬಯೊಮೆಟ್ರಿಕ್ ಗುರುತಿನ ಚೀಟಿ ಕೊಡಲು ಶುರು ಮಾಡಿದೆ. ಠಾಣೆಯಲ್ಲಿ ನಿಂತ ಪೇದೆ ಅದನ್ನು ಗುರುತಿಸಿ ಗೌರವಿಸಿದಾಗಷ್ಟೇ ಅದಕ್ಕೆ ಬೆಲೆ.

ಒಳ್ಳೆಯ ಕಾನೂನು ಎಂದು ನಾನು ಹೊಗಳುತ್ತಿರುವ ಇದೇ ದೇಶದ ಉತ್ತರದ ಗಡಿಯಲ್ಲಿ ಆ ಕಾನೂನು ಮುರಿದು ಬಿದ್ದದ್ದನ್ನೂ ಹೇಳಲೇಬೇಕು. 2015ರಿಂದಾಚೆಗೆ ಒಂದು ಲಕ್ಷಕ್ಕೂ ಹೆಚ್ಚು ನೈಜೀರಿಯನ್ನರನ್ನು ಕ್ಯಾಮರೂನಿನ ಸೇನೆ ಬಲವಂತವಾಗಿ ವಾಪಸು ಅಟ್ಟಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ 2017ರಲ್ಲಿ ವರದಿ ಮಾಡಿತು. ಸ್ವಇಚ್ಛೆಯಿಂದ ಮಾತ್ರ ವಾಪಸಾತಿ ಎಂಬ ತ್ರಿಪಕ್ಷೀಯ ಒಪ್ಪಂದಕ್ಕೆ ಅದೇ ವರ್ಷದ ಮಾರ್ಚಿನಲ್ಲಿ ನೈಜೀರಿಯಾ ಮತ್ತು ವಿಶ್ವಸಂಸ್ಥೆಯ ಜೊತೆ ಸಹಿಯಾಗಿತ್ತು. ಲಾರಿಗೆ ಹತ್ತಿಸುವ ಕ್ಷಣದಲ್ಲಿ ಪಕ್ಕದಲ್ಲಿ ಒಬ್ಬ ವಕೀಲನೂ ಇಲ್ಲದಿದ್ದರೆ 2005ರ ಕಾನೂನನ್ನು ಓದಿ ಹೇಳುವವರು ಯಾರು? ಪೂರ್ವದ ಹಳ್ಳಿಯ ಶಾಲಾ ಕೋಣೆಗೂ ಉತ್ತರದ ಆ ಲಾರಿಗಳಿಗೂ ಇದ್ದ ವ್ಯತ್ಯಾಸ ಇಷ್ಟೇ: ಒಂದು ಕಡೆ ನಿರಾಶ್ರಿತನ ಪರವಾಗಿ ಮಾತಾಡುವವರಿದ್ದರು, ಇನ್ನೊಂದು ಕಡೆ ಇರಲಿಲ್ಲ.

ಇದನ್ನು ಕನ್ನಡದ ಓದುಗರ ಮುಂದೆ ಇಡಲು ಕಾರಣವಿದೆ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆ ಟಿಬೆಟನ್ನರು ಅರವತ್ತು ವರ್ಷಗಳಿಂದ ನಮ್ಮ ನೆರೆಯವರು. ಆದರೂ ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲಿಲ್ಲ. 1950 ಮತ್ತು 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯ ಪೌರರು ಎಂದು ಹೇಳಿಸಿಕೊಳ್ಳಲೂ 2013ರಲ್ಲಿ ಕರ್ನಾಟಕ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಅಲ್ಲೂ ಮಾತು ಬಂದು ನಿಂತದ್ದು ಎಲ್ಲಿ, ಯಾವಾಗ ಹುಟ್ಟಿದರು ಎಂಬಲ್ಲಿಗೇ.

ಕ್ಯಾಮರೂನಿನಲ್ಲಿ ಕಾನೂನಿದೆ, ಅದನ್ನು ಜನರ ಬಳಿಗೆ ಒಯ್ಯುವವರು ಕಡಿಮೆ. ನಮ್ಮಲ್ಲಿ ತಾಲ್ಲೂಕಿಗೊಂದು ಕಾನೂನು ಸೇವಾ ಸಮಿತಿಯಿದೆ, ಕಾನೂನು ಕಾಲೇಜುಗಳಿವೆ, ಓಡಾಡಬಲ್ಲ ವಿದ್ಯಾರ್ಥಿಗಳಿದ್ದಾರೆ, ನಿರಾಶ್ರಿತರ ಕಾನೂನು ಮಾತ್ರ ಇಲ್ಲ. ಅದನ್ನು ಸಂಸತ್ತು ಬರೆಯಬೇಕು, ಬರೆಯುವಂತೆ ನಾವು ಕೇಳಬೇಕು. ಅಲ್ಲಿಯವರೆಗೆ ನಮ್ಮ ಯುವ ವಕೀಲರು ಹತ್ತಿರದ ಟಿಬೆಟನ್ ಶಿಬಿರಕ್ಕೆ ಹೋಗಲಿ, ಅಲ್ಲಿನ ಜನರ ಕಾಗದಪತ್ರಗಳನ್ನು ಕೇಳಿ ನೋಡಲಿ, ಅರ್ಜಿ ಬರೆದುಕೊಡಲಿ.