ಪನೀರ್ ಪಕೋಡ: ಹೀರೋ ಯಾರು, ವಿಲನ್ ಯಾರು?

ಸಿನಿಮಾ ನೋಡಿಕೊಂಡು ಬಂದು ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಯ್ತು. ಮಾಗಳದ ಬಸ್ಸಿಗೆ ಇನ್ನೂ ಹೊತ್ತಿದೆ. ಹೊಟ್ಟೆ ತಾಳ ಹಾಕುತ್ತಿದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಮ್ಮ ಸೀಮೆಯ ಹಳೇ ಹಿಟ್ ಜೋಡಿ. ಈಗ ಹೊಸಮುಖವೊಂದು ಬಂದಿದೆ: ಪನೀರ್ ಪಕೋಡ! ‘ಪನೀರ್ ತಿಂದ್ರ ಬಾಡಿ ಬರ್ತೈತಲೇ’ ಅಂತ ಗೆಳೆಯನ ಡೈಲಾಗ್ ಬೇರೆ. ಹೌದಾ?

ಅರ್ಧ ನಿಜ, ಮಿತ್ರರೇ. ಪನೀರ್ ಹೀರೋನೇ, ಸಂಶಯ ಬೇಡ. ಒಂದು ಲೀಟರ್ ಹಾಲು ಒಡೆಸಿದರೆ ಸಿಗುವುದು 150ರಿಂದ 200 ಗ್ರಾಂ ಪನೀರ್. ಅದರ 100 ಗ್ರಾಂನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಧಾರಾಳ. 60 ಕಿಲೋ ತೂಗುವ ಹುಡುಗನಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 50 ಗ್ರಾಂ.

ಈಗ ಪ್ಲೇಟ್ ನೋಡ್ರಿ. ನಾಲ್ಕು ಪಕೋಡದಲ್ಲಿ ಪನೀರ್ 50 ಗ್ರಾಂ ಇದ್ದರೆ ಅದರಿಂದ ಬರುವ ಪ್ರೋಟೀನ್ ಬರೀ ಒಂಬತ್ತು ಗ್ರಾಂ. ಉಳಿದದ್ದು ಹಿಟ್ಟು, ಎಣ್ಣೆ. ಪಕೋಡ 20 ಗ್ರಾಂ ಎಣ್ಣೆ ಕುಡಿದರೆ ಅದೊಂದೇ 180 ಕ್ಯಾಲೊರಿ! ಹೀರೋಗಿಂತ ವಿಲನ್ ಪಾತ್ರವೇ ದೊಡ್ಡದಾಯ್ತಲ್ಲ?

ಎಣ್ಣೆ ಹೊಸದಾಗಿದ್ದರೆ ಪರವಾಗಿಲ್ಲ. ಕಾಸಿದ್ದನ್ನೇ ಮತ್ತೆ ಮತ್ತೆ ಕಾಸಿ, ಕಪ್ಪಾಗಿ, ಹೊಗೆ ಕಾರುತ್ತಿದ್ದರೆ ಆ ಗಾಡಿ ಬಿಟ್ಟು ಮುಂದೆ ನಡೀರಿ. ಕೆಟ್ಟ ಎಣ್ಣೆಗೆ 2018ರಿಂದ ದೇಶದಲ್ಲಿ ಕಾನೂನಿನ ಮಿತಿಯೂ ಇದೆ. ಇನ್ನು ಕಣ್ಣು ಕುಕ್ಕುವ ಕೆಂಪು ಬಣ್ಣ ಬರೀ ಮೇಕಪ್ಪು. ಅದರಲ್ಲಿ ಶಕ್ತಿ ಇಲ್ಲ. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ರೋಡಮೈನ್-ಬಿ ಬಣ್ಣ ಬಳಸುವುದನ್ನು 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ ಸ್ವಾಮಿ, ಹೊಟ್ಟೆಗಲ್ಲ!

ಹಾಗಾದರೆ ಪನೀರ್ ಬಿಡಬೇಕಾ? ಬೇಡವೇ ಬೇಡ. ಮನೆಯಲ್ಲಿ ಹಾಲು ಒಡೆಸಿ, ಕಾದ ಹಂಚಿನ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಹುರಿದು, ಉಪ್ಪು ಖಾರ ಉದುರಿಸಿ, ಈರುಳ್ಳಿ, ನಿಂಬೆಹುಳಿ ಜೊತೆ ತಿನ್ನಿ. ಸೋಸಿದ ನೀರನ್ನೂ ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಿ. ಜೇಬು ಖಾಲಿಯೋ? ನಮ್ಮ ಹೊಲದ ಶೇಂಗಾ, ಹುರುಳಿ ಇವೆ. 100 ಗ್ರಾಂ ಹುರುಳಿಯಲ್ಲಿ ಪ್ರೋಟೀನ್ 20 ಗ್ರಾಂಗೂ ಮೇಲೆ!

1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅಣ್ಣಾವ್ರು ಯೋಗಾಸನ ಹಾಕಿದ್ದು ನೆನಪಿದೆಯಾ? ಆಗ ಅವರ ವಯಸ್ಸು 54ರ ಆಸುಪಾಸು. ಆ ಮೈಕಟ್ಟು ಪ್ಲೇಟಿನಲ್ಲಿ ಬಂದದ್ದಲ್ಲ, ದಿನಾ ಬೆವರು ಸುರಿಸಿ ಬಂದದ್ದು. ಅಭಿಮಾನಿಗಳೇ, ಪಕೋಡ ಅಪರೂಪಕ್ಕೊಂದು ಅತಿಥಿ ಪಾತ್ರ ಮಾಡಲಿ, ದಿನಾ ಹೀರೋ ಆಗೋದು ಬೇಡ!